ಗುಂಡಿಗೂ ವಿನುವಿಗೂ ನಡುವೆ

ಕಳೆದ ತಿಂಗಳು ಸ್ಕೂಟರಿನ ಒಡೆದ ಮುಂಭಾಗ ಸರಿಮಾಡಿಸಲು ಜಿಗಣಿಯ ಒಂದು ಶೆಡ್ಡಿಗೆ ಹೋಗಿದ್ದೆ. ಮೆಕ್ಯಾನಿಕ್ ಬಿರುಕಿನ ಮೇಲೆ ಫೈಬರ್ ಬಟ್ಟೆಯ ತುಂಡಿಟ್ಟು, ಬ್ರಷ್ಷಿನಲ್ಲಿ ರೆಸಿನ್ ಅಂಟು ಸವರಿ, ಬೇಗ ಗಟ್ಟಿಯಾಗಲೆಂದು ಬಿಸಿಗಾಳಿ ಹಿಡಿದ. ಸೀದ ಸಕ್ಕರೆಯಂಥ, ಒಳಗೊಳಗೇ ಒಣಮೀನಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೊರಗೆ ನಿಂತುಕೊಳ್ಳಿ ಮೇಡಂ, ಅಭ್ಯಾಸ ಇಲ್ಲದವರಿಗೆ ತಲೆ ತಿರುಗುತ್ತದೆ ಎಂದ ಆತ. ನನಗೆ ಆ ವಾಸನೆ ಆರು ವರ್ಷದ ಅಭ್ಯಾಸ. ಆದರೂ ಹೊರಗೆ ಹೋಗಿ ಕಾಂಪೌಂಡಿನ ಗೋಡೆ ಹಿಡಿದು ನಿಂತೆ. ಆ ಒಂದು ಬೇಸಿಗೆ ಮತ್ತೆ ಎದೆಯ ಮೇಲೆ ಬಂದು ಕೂತಿತ್ತು.

ಆಗ ನಾನು ಜಿಗಣಿಯ ಒಂದು ಖಾಸಗಿ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿದ್ದೆ. ನಾವು ತಯಾರಿಸುತ್ತಿದ್ದುದು ಗುಂಡು ತಡೆಯುವ ಹಲಗೆಗಳನ್ನು. ಮುಂದುಗಡೆ ಪಿಂಗಾಣಿಯಂಥ ಗಟ್ಟಿ ಬಿಲ್ಲೆಗಳು, ಹಿಂದುಗಡೆ ರೆಸಿನ್ ಕುಡಿಸಿ ಒಲೆಯಲ್ಲಿ ಬೇಯಿಸಿದ ನೂಲಿನ ಪದರಗಳು. ಬಿಲ್ಲೆ ಗುಂಡಿನ ಮೊನೆ ಮುರಿಯಬೇಕು, ಉಳಿದ ಚೂರನ್ನು ಪದರಗಳು ಹಿಡಿದು ನಿಲ್ಲಿಸಬೇಕು. ಸೇನೆಯ ಹೆಲಿಕಾಪ್ಟರುಗಳಲ್ಲಿ ಪೈಲಟ್ ಕೂರುವ ಸೀಟಿನ ಹಿಂದೆ, ಕೆಳಗೆ, ಪಕ್ಕದಲ್ಲಿ ಈ ಹಲಗೆಗಳು ಕೂರುತ್ತವೆ.

ನನ್ನ ತಂಗಿ ವಿನುತಾ ಹಾರಿಸುತ್ತಿದ್ದುದು ಹೆಲಿಕಾಪ್ಟರ್ ಅಲ್ಲ, ಯುದ್ಧವಿಮಾನ. ನನಗಿಂತ ಎಂಟು ವರ್ಷ ಚಿಕ್ಕವಳು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುವ ಟರ್ನರ್ ಆಗಿದ್ದರು. ಕ್ವಾರ್ಟರ್ಸ್ ಮೈದಾನದ ಮೇಲೆ ವಿಮಾನ ಹಾದರೆ ಉಳಿದ ಮಕ್ಕಳು ಕೈ ಬೀಸುತ್ತಿದ್ದರು, ಇವಳು ಅದರ ಹಿಂದೆ ಓಡುತ್ತಿದ್ದಳು. ಅವಳು ತರಬೇತಿಯಲ್ಲಿದ್ದಾಗಲೇ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಕ್ವಾರ್ಟರ್ಸ್ ಬಿಟ್ಟು ನಾನು ಅಮ್ಮ ಇಬ್ಬರೂ ನನ್ನ ಕೆಲಸಕ್ಕೆ ಹತ್ತಿರವೆಂದು ಹೆಬ್ಬಗೋಡಿಯಲ್ಲಿ ಒಂದು ಮನೆಯ ಮೇಲಿನ ಮಹಡಿಗೆ ಬಾಡಿಗೆಗೆ ಬಂದೆವು. ಕೆಳಗೆ ಮನೆಯೊಡತಿ ಮುನಿರತ್ನಮ್ಮ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿರುವ ಊರಿನ ಮೂಲ ಕುಟುಂಬದವರು.

ಅಮ್ಮನಿಗೆ ಒಂದು ನಂಬಿಕೆ ಇತ್ತು. ದೊಡ್ಡ ಮಗಳು ಮಾಡುವ ಹಲಗೆ ಚಿಕ್ಕ ಮಗಳ ಬೆನ್ನ ಹಿಂದೆ ಇರುತ್ತದೆ ಎಂದು. ಯಾರು ಹೇಳಿದ್ದೂ ಅಲ್ಲ, ತಾನೇ ಕಟ್ಟಿಕೊಂಡದ್ದು. ಅದನ್ನು ತರಕಾರಿ ಗಾಡಿಯ ಹತ್ತಿರ, ಹಾಲಿನ ಬೂತಿನ ಹತ್ತಿರ ಹೇಳಿಯೂ ಆಗಿತ್ತು. ಮುನಿರತ್ನಮ್ಮ ಬಂದವರಿಗೆಲ್ಲ, ಅಕ್ಕ ಗುರಾಣಿ ಮಾಡ್ತಾಳೆ, ತಂಗಿ ಅದನ್ನ ಇಕ್ಕೊಂಡು ಆರ್ತಾಳೆ ಎಂದು ನಮ್ಮನ್ನು ಪರಿಚಯಿಸುತ್ತಿದ್ದರು.

ಆ ವರ್ಷ ಅಪ್ಪನ ತಿಥಿಗೆ ವಿನು ಬರುವವಳಿದ್ದಳು. ಗಡಿಯಲ್ಲಿ ಬಿಸಿ ಏರುತ್ತಿದೆ ಎಂದು ಟಿವಿಯವರು ಕೂಗಾಡಲು ಶುರುಮಾಡಿದ್ದ ದಿನಗಳು. ಒಂದು ಸಂಜೆ ಫೋನು ಮಾಡಿ, ರಜೆ ರದ್ದಾಗಿದೆ, ಇನ್ನು ಸ್ವಲ್ಪ ದಿನ ಫೋನು ಸಿಗದಿದ್ದರೆ ಗಾಬರಿಯಾಗಬಾರದು ಎಂದು ಅಮ್ಮನಿಗೆ ನಗುನಗುತ್ತಲೇ ಹೇಳಿದಳು. ಆಮೇಲೆ ನನಗೆ ಕೊಡಲು ಹೇಳಿ ದನಿ ತಗ್ಗಿಸಿದಳು.

"ಅಕ್ಕ, ಅಮ್ಮ ಟಿವಿ ನೋಡದ ಹಾಗೆ ನೋಡ್ಕೋ. ನೀನೂ ನೋಡ್ಬೇಡ."

"ಹೆದರಿಕೆ ಆಗ್ತಿದೆಯೇನೇ?"

"ಇಲ್ಲಪ್ಪ," ಎಂದಳು. ವಾಯುಸೇನೆ ಸೇರಿದ ದಿನದಿಂದಲೂ ಅವಳದು ಅದೇ ಉತ್ತರ.

ಟಿವಿ ನೋಡದೆ ಇರುವುದು ನಮ್ಮಿಂದ ಆಗಲಿಲ್ಲ. ಒಂದು ಭಾನುವಾರ ಯಾವುದೋ ಚಾನೆಲ್ಲಿನಲ್ಲಿ ಯುದ್ಧವಿಮಾನದ ಚಿತ್ರ ಬಿಡಿಸಿ ಒಬ್ಬಾತ ಕೋಲಿನಿಂದ ತೋರಿಸುತ್ತಿದ್ದ. ಇಲ್ಲಿ ಕ್ಷಿಪಣಿ, ಇಲ್ಲಿ ಇಂಧನ, ಇಲ್ಲಿ ಪೈಲಟ್. ಅಮ್ಮ ಹುರುಳಿಕಾಯಿ ಮುರಿಯುತ್ತಾ ಅದನ್ನೇ ನೋಡುತ್ತಿದ್ದವರು ನನ್ನ ಕಡೆ ತಿರುಗಿದರು.

"ಸುಧಾ, ನಿಮ್ಮ ಹಲಗೆ ಇದರಲ್ಲಿ ಎಲ್ಲಿರುತ್ತೆ? ಬೆನ್ನ ಹಿಂದೆ ಮಾತ್ರಾನಾ, ಕೆಳಗೂ ಇಡ್ತಾರಾ?"

ಅಮ್ಮ ಅಷ್ಟು ನೇರವಾಗಿ ಕೇಳಿದ್ದು ಅದೇ ಮೊದಲು.

"ಅಮ್ಮ, ವಿನು ವಿಮಾನದಲ್ಲಿ ಅದು ಇಲ್ಲ," ಎಂದೆ.

"ಅಂದ್ರೆ? ಬೇರೆ ಕಂಪನಿದು ಹಾಕ್ತಾರಾ?"

"ಯಾರದೂ ಹಾಕಲ್ಲ."

ಅಮ್ಮನ ಕೈಯಲ್ಲಿ ಹುರುಳಿಕಾಯಿ ಹಾಗೇ ನಿಂತಿತು. ಗೊತ್ತಿದ್ದಷ್ಟನ್ನು ಹೇಳಿದೆ. ಹಳೆಯ ಕಾಲದ ಪ್ರೊಪೆಲ್ಲರ್ ವಿಮಾನಗಳಲ್ಲಿ ಪೈಲಟ್ಟಿನ ಹಿಂದೆ ಉಕ್ಕಿನ ತಗಡು, ಮುಂದೆ ದಪ್ಪ ಗಾಜು ಇಡುತ್ತಿದ್ದರು. ಜೆಟ್ ವಿಮಾನಗಳು ಬಂದ ಮೇಲೆ ಅದೆಲ್ಲ ಬಹುಮಟ್ಟಿಗೆ ಹೋಯಿತು. ಒಂದೊಂದು ಕೆಜಿ ಭಾರಕ್ಕೂ ವಿಮಾನ ಅಷ್ಟಷ್ಟು ಮಂದವಾಗುತ್ತದೆ, ಮಂದವಾದರೆ ಇನ್ನೂ ಸುಲಭವಾಗಿ ಏಟು ತಿನ್ನುತ್ತದೆ. ಶತ್ರುವಿನ ತೋಪುಗಳ ಮೇಲೆಯೇ ತಗ್ಗಿನಲ್ಲಿ ಹಾರುವುದಕ್ಕೆಂದು ಕಟ್ಟಿದ ಕೆಲವು ವಿಮಾನಗಳಲ್ಲಿ ಪೈಲಟ್ಟನ್ನು ಗಟ್ಟಿ ಲೋಹದ ತೊಟ್ಟಿಯಂಥದರಲ್ಲಿ ಕೂರಿಸುತ್ತಾರೆ. ವಿನುವಿನ ವಿಮಾನ ಆ ಜಾತಿಯದಲ್ಲ. ಅದೂ ಅಲ್ಲದೆ ವಿಮಾನಕ್ಕೆ ಹೊಡೆಯುವ ತೋಪಿನ ಗುಂಡು ಬಂದೂಕಿನ ಗುಂಡಲ್ಲ; ಬಾಳೆಕಾಯಿಯಷ್ಟು ದಪ್ಪ, ಬಡಿದ ಮೇಲೆ ಸಿಡಿಯುತ್ತದೆ. ನಮ್ಮ ಹಲಗೆ ಇದ್ದಿದ್ದರೂ ಅದನ್ನು ತಡೆಯುತ್ತಿರಲಿಲ್ಲ.

"ಮತ್ತೆ ಅವಳಿಗೆ ಏನಿದೆ?"

ವೇಗ ಇದೆ, ಎತ್ತರ ಇದೆ, ಯಾರಾದರೂ ಗುರಿಯಿಟ್ಟರೆ ಎಚ್ಚರಿಸುವ ಯಂತ್ರ ಇದೆ, ಎಲ್ಲವೂ ಕೈಕೊಟ್ಟರೆ ಅವಳನ್ನು ಸೀಟಿನ ಸಮೇತ ಹೊರಗೆ ಎಸೆಯುವ ವ್ಯವಸ್ಥೆ ಇದೆ ಎಂದೆ. ಬಾಯಲ್ಲಿ ಹೇಳುವಾಗ ಇವೆಲ್ಲ ಎಷ್ಟು ತೆಳುವಾಗಿ ಕೇಳಿಸುತ್ತವೆ ಎಂದು ನನಗೇ ದಿಗಿಲಾಯಿತು. ಏಟು ತಿನ್ನದೆ ಇರುವುದಕ್ಕೆ ಅವಳಿಗೆ ಎಲ್ಲವೂ ಇತ್ತು. ಏಟು ಬಿದ್ದ ಮೇಲೆ ಮೈಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ.

"ತಲೆ ಮೇಲೆ ಗಾಜಿದೆಯಲ್ಲ?"

"ಗಾಜಲ್ಲಮ್ಮ, ಅಕ್ರಿಲಿಕ್. ಪ್ಲಾಸ್ಟಿಕ್ ಥರ."

"ಒಂದು ಚೂರು ತಂದು ತೋರ್ಸು," ಎಂದರು ಅಮ್ಮ.

ಪೀಣ್ಯದಲ್ಲಿ ಅಕ್ರಿಲಿಕ್ ಹಾಳೆ ಕತ್ತರಿಸಿ ಮಾರುವ ಅಂಗಡಿಯೊಂದು ನನಗೆ ಗೊತ್ತಿತ್ತು. ಕಾರ್ಖಾನೆಯ ಕಿಟಕಿಗೆಂದು ಅಲ್ಲಿಂದ ತರಿಸುತ್ತಿದ್ದೆವು. ವಿಮಾನದ್ದೇ ಅಲ್ಲದಿದ್ದರೂ ಹೆಚ್ಚುಕಡಿಮೆ ಅದೇ ಬಗೆಯ, ಹೆಬ್ಬೆರಳಿನಷ್ಟು ದಪ್ಪದ, ಅಂಗೈ ಅಗಲದ ತುಂಡೊಂದನ್ನು ತಂದುಕೊಟ್ಟೆ. ಅಮ್ಮ ಅದನ್ನು ಬೆಳಕಿಗೆ ಹಿಡಿದರು, ಬೆರಳ ಗೆಣ್ಣಿನಿಂದ ಬಡಿದರು, ಪಿನ್ನಿನಲ್ಲಿ ಗೀರಿದರು. ಗೀರು ಬಿತ್ತು. ಆಮೇಲೆ ಅಡುಗೆಮನೆಯ ನೆಲದ ಮೇಲೆ ಗೋಣಿತಾಟು ಹಾಸಿ, ತುಂಡನ್ನಿಟ್ಟು, ಕುಟ್ಟಾಣಿಯ ಕಬ್ಬಿಣದ ಹಾರೆ ಎತ್ತಿ ಹೊಡೆದರು. ಮತ್ತೆ ಮತ್ತೆ ಹೊಡೆದರು. ಅರವತ್ತೈದು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿಕೊಂಡು. ತುಂಡು ಒಡೆಯಲಿಲ್ಲ. ಏದುಸಿರು ಬಿಡುತ್ತಾ ನನ್ನ ಮುಖ ನೋಡಿದರು. ಆ ಕಣ್ಣಿನಲ್ಲಿ ಆಸೆ ಇತ್ತು.

"ಗಟ್ಟಿ ಇದೆ," ಎಂದರು.

"ಹಕ್ಕಿ ಬಡಿದರೆ ಒಡೀಬಾರದು ಅಂತ ಗಟ್ಟಿ ಮಾಡ್ತಾರಮ್ಮ. ಆ ವೇಗದಲ್ಲಿ ಹಕ್ಕೀನೂ ಕಲ್ಲಿನ ಹಾಗೆ. ಗುಂಡು ತಡೆಯಲ್ಲ."

ಅಮ್ಮ ಹಾರೆಯನ್ನು ತೊಳೆದು ಅದರ ಜಾಗದಲ್ಲಿಟ್ಟರು. ಅಂದಿನಿಂದ ಹಾಲಿನ ಬೂತಿನ ಹತ್ತಿರ ಗುರಾಣಿಯ ಮಾತು ನಿಂತುಹೋಯಿತು. ಮುನಿರತ್ನಮ್ಮ ಆ ಮಾತು ತೆಗೆದರೆ ಅಮ್ಮ ಬೇರೆ ಮಾತಿಗೆ ಹೋಗುತ್ತಿದ್ದರು.

ಅದೇ ವಾರ ನಮ್ಮ ಕಡೆಯೂ ಸೈರನ್ ಅಭ್ಯಾಸ ಮಾಡಿದರು. ಮೊದಲೇ ತಿಳಿಸಿದ್ದರು, ಅಣಕು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಮುಸ್ಸಂಜೆಯ ಹೊತ್ತಿಗೆ ಆ ಕೂಗು ಎದ್ದು, ಬೀದಿಯ ದೀಪಗಳು ಒಂದೊಂದೇ ಆರಿ, ದೂರದಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳೂ ಕಪ್ಪಾದಾಗ ನಾನು ಕಿಟಕಿ ಮುಚ್ಚಿ ಚಿಲಕ ಹಾಕಿದೆ. ಕೆಳಗಿನ ಮನೆಯಲ್ಲಿ ಮಗುವೊಂದು ಅಳುತ್ತಿತ್ತು. ಅಮ್ಮ ಕತ್ತಲಲ್ಲಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಅಲ್ಲಿ ಅವಳಿಗೆ ದಿನಾ ಹೀಗೇನಾ ಎಂದು ಕೇಳಿದರು. ದೀಪ ಬಂದ ಮೇಲೂ ಕೈ ಬಿಡಲಿಲ್ಲ.

ಕಾರ್ಖಾನೆಯಲ್ಲಿ ಆಗ ಉಸಿರಾಡಲು ಪುರುಸೊತ್ತಿರಲಿಲ್ಲ. ಹೆಲಿಕಾಪ್ಟರ್ ಸೀಟಿನ ಹಲಗೆಗಳು ತುರ್ತಾಗಿ ಬೇಕೆಂದು ಆರ್ಡರ್ ಬಂದಿತ್ತು. ಒಂದು ಸಂಜೆ ಆನೇಕಲ್ ಕಡೆಯಿಂದ ಕಪ್ಪುಮೋಡ ಬಂದು ಆಲಿಕಲ್ಲು ಸುರಿಯಿತು. ತಗಡಿನ ಛಾವಣಿಯ ಮೇಲೆ ಆ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕರೆಂಟು ಹೋಯಿತು. ಒಲೆಯೊಳಗೆ ಒಂದು ಲಾಟ್ ಹಲಗೆಗಳು ಬೇಯುತ್ತಿದ್ದವು. ಜನರೇಟರ್ ತಡವಾಗಿ ಹತ್ತಿಕೊಂಡಿತು. ಅಷ್ಟರಲ್ಲಿ ಒಲೆ ಎಷ್ಟು ತಣ್ಣಗಾಗಿತ್ತೋ. ಮತ್ತೆ ಬಿಸಿ ಏರಿಸಿ ಬೇಯಿಸುವುದನ್ನು ಪೂರೈಸಿದರು. ಮೇಲುನೋಟಕ್ಕೆ ಹಲಗೆಗಳು ಚೆನ್ನಾಗಿಯೇ ಬಂದಿದ್ದವು.

ಆ ಲಾಟಿನ ಟೆಸ್ಟ್ ಇದ್ದ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತಿದ್ದೆ. ಪಕ್ಕದ ಮೇಜಿನಲ್ಲಿ ಹುಡುಗನೊಬ್ಬ ಮೊಬೈಲ್ ನೋಡುತ್ತಾ, ನಮ್ಮದೊಂದು ಬಿತ್ತಂತೆ ಕಣೋ, ಪೈಲಟ್ ಏನಾದರು ಅಂತ ಗೊತ್ತಿಲ್ಲವಂತೆ ಎಂದ. ಯಾರೋ ಅವನ ಕಾಲು ತುಳಿದರು. ನಾನು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದೆ. ವಿನುವಿನ ನಂಬರಿಗೆ ಮಾಡಿದೆ, ಸ್ವಿಚ್ ಆಫ್. ಅಮ್ಮನಿಗೆ ಮಾಡಲು ಧೈರ್ಯ ಬರಲಿಲ್ಲ. ಏನೆಂದು ಕೇಳುವುದು?

ಮನೆಗೆ ಹೋಗಿಬಿಡಬೇಕಿತ್ತು. ಆದರೆ ಮನೆಗೆ ಹೋಗುವುದಕ್ಕೂ ಹೆದರಿಕೆಯಾಯಿತು. ಟೆಸ್ಟ್ ರೂಮಿಗೇ ಹೋದೆ.

ನಮ್ಮ ಟೆಸ್ಟ್ ರೂಮ್ ಎಂದರೆ ದಪ್ಪ ಗೋಡೆಯ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ಒಂದು ತುದಿಯಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದ ಬಂದೂಕು, ಇನ್ನೊಂದು ತುದಿಯಲ್ಲಿ ಹಲಗೆ. ಹಲಗೆಯ ಹಿಂದೆ ತೆಳುವಾದ ಅಲ್ಯೂಮಿನಿಯಂ ತಗಡು ನಿಲ್ಲಿಸುತ್ತಿದ್ದೆವು. ಹಲಗೆ ದಾಟಿ ಚೂರೇನಾದರೂ ಬಂದರೆ ತಗಡಿಗೆ ತೂತು ಬೀಳುತ್ತದೆ. ಹೊಡೆದಾದ ಮೇಲೆ ಹಲಗೆಗೂ ತಗಡಿಗೂ ನಡುವೆ ದೀಪ ಹಿಡಿದು ಹಿಂದುಗಡೆಯಿಂದ ನೋಡುವುದು ನನ್ನ ಕೆಲಸ. ಬೆಳಕು ಕಾಣದಿದ್ದರೆ ಲಾಟ್ ಪಾಸು. ಬಂದೂಕಿಗೆ ಗುಂಡು ತುಂಬುವವರು ಸೇನೆಯಿಂದ ನಿವೃತ್ತರಾಗಿ ಬಂದಿದ್ದ ಷರೀಫ್ ಸಾರ್. ನನ್ನ ಮುಖ ನೋಡಿ, ಇವತ್ತು ಬೇರೆ ಯಾರಾದರೂ ನೋಡಲಿ ಬಿಡಮ್ಮಾ ಎಂದರು. ಬೇಡ ಎಂದೆ. ಬಾಗಿಲು ಹಾಕಿ, ಹೊರಗಿನಿಂದ ಗುಂಡಿ ಒತ್ತಿದೆವು. ಎಷ್ಟೋ ನೂರು ಸಲ ಕೇಳಿದ್ದ ಸದ್ದು. ಆವತ್ತು ಕಿವಿ ಮುಚ್ಚಿಕೊಂಡರೂ ಅದು ಹಲ್ಲುಗಳ ಬುಡದ ತನಕ ಹೋಯಿತು.

ಒಳಗೆ ಹೋಗಿ ದೀಪ ಹಿಡಿದೆ. ತಗಡಿನ ನಡುವೆ ಕಡಲೆಕಾಳಿನಷ್ಟು ಬೆಳಕು.

ಆ ತೂತಿನ ಈಚೆ ಒಬ್ಬರ ಬೆನ್ನು ಇರಬೇಕಾದ ಜಾಗದಲ್ಲಿ ನಾನಿದ್ದೆ. ಹಲಗೆ ಇದ್ದೂ ಹೀಗೆ. ಹಲಗೆಯೇ ಇಲ್ಲದ ಕಡೆ ನನ್ನ ತಂಗಿ ಕೂತಿದ್ದಾಳೆ, ಅಥವಾ ಕೂತಿದ್ದಳು. ಆ 'ಅಥವಾ' ತಲೆಯೊಳಗೆ ಬಂದದ್ದೇ ದೀಪ ಆರಿಸಿಬಿಟ್ಟೆ. ಷರೀಫ್ ಸಾರ್ ಕುರ್ಚಿ ತಂದು ಕೂರಿಸಿದರು.

ಮ್ಯಾನೇಜರ್ ಮೂರ್ತಿ ಬಂದರು. ಹೊರಗೆ ಲಾರಿ ನಿಂತಿತ್ತು, ಮೇಲಿನವರು ಅವರಿಗೆ ಎಡೆಬಿಡದೆ ಫೋನು ಮಾಡುತ್ತಿದ್ದರು. ಒಂದು ಹಲಗೆ ಕೆಟ್ಟಿರಬಹುದು, ಇನ್ನೊಂದಕ್ಕೆ ಹೊಡೆಯಿರಿ ಎಂದರು. ಹೊಡೆದೆವು. ಎರಡನೆಯದು ತಡೆಯಿತು. ಬೆಳಕು ಕಾಣಲಿಲ್ಲ.

"ಸರಿ ಮತ್ತೆ, ಇದನ್ನೇ ರಿಪೋರ್ಟಿಗೆ ತಗೋ. ಲಾರಿ ಬಿಡೋಣ," ಎಂದರು.

ನನಗೆ ಮೂರ್ತಿಯವರನ್ನು ಕಂಡರೆ ಭಯ. ಕೆಲಸ ಹೋದೀತೆಂಬ ಭಯ ಬೇರೆ. ಮನೆ ನಡೆಯುತ್ತಿದ್ದುದು ಅದರಿಂದಲೇ. ಆದರೆ ಆವತ್ತು ಅದಕ್ಕಿಂತ ದೊಡ್ಡ ಭಯ ಒಳಗೆ ಕೂತಿದ್ದರಿಂದ ಈ ಚಿಕ್ಕ ಭಯಗಳಿಗೆ ಜಾಗವೇ ಇರಲಿಲ್ಲವೇನೋ.

"ಸಾರ್, ಕರೆಂಟ್ ಹೋದಾಗ ಒಲೇಲಿದ್ದ ಲಾಟ್ ಇದು. ಯಾವ ಹಲಗೆ ಬೆಂದಿದೆ, ಯಾವುದು ಬೆಂದಿಲ್ಲ ನಮಗೆ ಗೊತ್ತಿಲ್ಲ. ಒಂದ್ಸಲ ನೀವೇ ನೋಡಿ," ಎಂದು ತೂತು ಬಿದ್ದ ತಗಡನ್ನು ಅವರ ಕೈಗೆ ಕೊಟ್ಟು ಹಿಂದಿನಿಂದ ದೀಪ ಹಿಡಿದೆ.

ಮೂರ್ತಿ ಆ ಬೆಳಕನ್ನು ತುಂಬ ಹೊತ್ತು ನೋಡಿದರು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ, ನಿನ್ನ ತಂಗಿಯಿಂದ ಏನಾದರೂ ಸುದ್ದಿ ಬಂತಾ ಎಂದು ಕೇಳಿದರು. ಇಲ್ಲ ಎಂದೆ. ಅವರು ಫೋನು ಕಿವಿಗಿಟ್ಟುಕೊಂಡು, ಲಾಟ್ ಕೊಡಲಾಗುವುದಿಲ್ಲ, ಹೊಸದಾಗಿ ಮಾಡುತ್ತೇವೆ, ಬೈಯುವುದಿದ್ದರೆ ಬೈಯಿರಿ ಎನ್ನುತ್ತಾ ಹೊರಗೆ ಹೋದರು. ಲಾರಿ ಖಾಲಿ ಹೋಯಿತು. ಆಮೇಲೆ ಎರಡೆರಡು ಪಾಳಿ ದುಡಿದು ಅಷ್ಟೂ ಹಲಗೆಗಳನ್ನು ಮತ್ತೆ ಮಾಡಿದೆವು.

ಆ ಸಂಜೆ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅಮ್ಮನಿಗೆ ಸುದ್ದಿ ತಲುಪಿತ್ತು. ಟಿವಿ ಆರಿಸಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರು. ಮುನಿರತ್ನಮ್ಮ ಪಕ್ಕದಲ್ಲಿ ಕೂತು ಅಮ್ಮನ ಬೆನ್ನು ಸವರುತ್ತಿದ್ದರು. ಯಾರಾದರೂ ಗೇಟು ತೆಗೆದ ಸದ್ದಾದರೆ ಮೂವರೂ ಬೆಚ್ಚುತ್ತಿದ್ದೆವು. ಸಮವಸ್ತ್ರದವರು ಮನೆಗೆ ಬಂದರೆ ಏನರ್ಥ ಎಂದು ಯಾರೂ ಹೇಳದೆಯೇ ನಮಗೆ ಗೊತ್ತಿತ್ತು. ಮರುದಿನವೂ ಹಾಗೇ ಕಳೆಯಿತು. ಕೊರಿಯರಿನವನೊಬ್ಬ ಖಾಕಿ ಬಣ್ಣದ ಅಂಗಿ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದದ್ದನ್ನು ನಾನು ಸಾಯುವತನಕ ಮರೆಯಲಾರೆ. ಅವನಿಗೆ ಬೇಕಿದ್ದದ್ದು ಪಕ್ಕದ ಮನೆ.

ಅದರ ಮಾರನೆಯ ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಅಮ್ಮ ಸ್ಪೀಕರ್ ಒತ್ತಿದರು.

"ಅಮ್ಮ, ನಾನು. ಊಟ ಆಯ್ತಾ?"

ಬೆಳಗ್ಗೆ ಎಂಟು ಗಂಟೆ. ಅಮ್ಮ ಹಿಂದಿನ ದಿನದಿಂದ ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

"ಆಯ್ತು ಮರಿ. ನಿಂದು?"

"ಆಯ್ತಮ್ಮ. ಇಡ್ತೀನಿ."

ಅಷ್ಟೇ. ಅಮ್ಮ ಎದ್ದು ಬಚ್ಚಲುಮನೆಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು. ನೀರಿನ ಸದ್ದಿನ ಹಿಂದೆ ಅವರು ಅಳುವುದು ನನಗೆ ಕೇಳುತ್ತಿತ್ತು. ಬಾಗಿಲು ಬಡಿಯಲಿಲ್ಲ. ಬಿದ್ದದ್ದು ಯಾರ ವಿಮಾನ, ನಿಜವಾಗಿ ಬಿತ್ತೋ ಇಲ್ಲವೋ, ನಮಗೆ ಕೊನೆಗೂ ತಿಳಿಯಲಿಲ್ಲ. ಆ ಎರಡು ದಿನ ನಮ್ಮಂತೆಯೇ ಇನ್ನೆಷ್ಟು ಮನೆಗಳಲ್ಲಿ ಗೇಟಿನ ಸದ್ದಿಗೆ ಬೆಚ್ಚಿದ್ದರೋ.

ಗಲಾಟೆ ತಣ್ಣಗಾಗಿ, ಆಷಾಢದ ಗಾಳಿ ಶುರುವಾದ ಮೇಲೆ ವಿನು ಬಂದಳು. ತೆಳ್ಳಗಾಗಿದ್ದಳು. ಬಂದವಳೇ ಮುದ್ದೆ, ಬಸ್ಸಾರು ಎಂದು ಹೇಳಿ ಹೇಳಿ ಮಾಡಿಸಿಕೊಂಡು ತಿಂದಳು, ಹಗಲೆಲ್ಲ ಮಲಗಿದಳು. ಕುಕ್ಕರ್ ಕೂಗಿದರೆ ಮಾತ್ರ ಎದ್ದು ಕೂರುತ್ತಿದ್ದಳು.

ಒಂದು ಬೆಳಗ್ಗೆ ಅಮ್ಮ ಅವಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಹರಳೆಣ್ಣೆ ತಟ್ಟುತ್ತಿದ್ದರು. ನಾನು ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದೆ.

"ವಿನು, ಗುಂಡು ತಗುಲಿತಾ?" ಎಂದರು ಅಮ್ಮ.

ಯಾರು ಹೇಳಿದ್ದು ಎಂಬಂತೆ ಅವಳು ನನ್ನ ಕಡೆ ನೋಡಿದಳು. ನನಗೆ ಏನೂ ಗೊತ್ತಿರಲಿಲ್ಲ. ಅಮ್ಮನಿಗೆ ಯಾರೂ ಹೇಳಿರಲಿಲ್ಲ.

"ನನಗಲ್ಲ ಅಮ್ಮ. ವಿಮಾನಕ್ಕೆ."

ಎಲ್ಲಿ, ಯಾವಾಗ ಎಂದು ಕೇಳಬಾರದು ಎಂದು ಹೇಳಿ, ಉಳಿದದ್ದನ್ನು ಹೇಳಿದಳು. ತಗ್ಗಿನಲ್ಲಿ ಹಾರಬೇಕಾಗಿ ಬಂದಿತ್ತು. ಕೆಳಗಿನಿಂದ ತೋಪು ಹಾರಿಸಿದರು. ಸೀಟಿನ ಕೆಳಗೆ ಯಾರೋ ಜಾಡಿಸಿ ಒದ್ದಂತಾಯಿತು. ಬಲಗಡೆಯ ಗೋಡೆಗೆ ಮುಷ್ಟಿಯಷ್ಟು ತೂತು ಬಿತ್ತು, ಅದರಿಂದ ಗಾಳಿ ಕೂಗುತ್ತಾ ನುಗ್ಗಿತು. ಸಿಡಿದ ಚೂರೊಂದು ಒಳಗೆ ಬಂದು ಅವಳ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಹಾದು ಆಚೆಯ ಗೋಡೆಯಲ್ಲಿ ನಾಟಿತು. ಎಚ್ಚರಿಕೆಯ ದೀಪಗಳು ಹತ್ತಿಕೊಂಡವು. ಹಾಗೇ ತಿರುಗಿಸಿಕೊಂಡು ವಾಪಸು ಬಂದಳು.

"ನಿನ್ನ ಕಾಲಿಗೆ ಬೀಳದ ಹಾಗೆ ಏನು ತಡೀತು?" ಎಂದೆ ನಾನು. ಟೆಸ್ಟಿಂಗ್ ವಿಭಾಗದವಳಿಗೆ ಬಾಯಿಗೆ ಬಂದ ಪ್ರಶ್ನೆ ಅದೇ.

"ಏನೂ ತಡೀಲಿಲ್ಲ ಅಕ್ಕ. ಅದು ಪಕ್ಕದಲ್ಲಿ ಹೋಯ್ತು, ಅಷ್ಟೇ."

ವಾಪಸು ಬರುವ ದಾರಿಯುದ್ದಕ್ಕೂ ಕೈ ನಡುಗದಿರಲೆಂದು ಹೆಬ್ಬಗೋಡಿ ಬಸ್‌ಸ್ಟಾಪಿನಿಂದ ನಮ್ಮ ಮನೆಯ ತನಕ ಇರುವ ಅಂಗಡಿಗಳನ್ನೆಲ್ಲ ವರಸೆಯಾಗಿ ಹೇಳಿಕೊಳ್ಳುತ್ತಾ ಬಂದಳಂತೆ. ಬೇಕರಿ, ಮೊಬೈಲ್ ಅಂಗಡಿ, ಕೋಳಿ ಅಂಗಡಿ, ಟೈಲರ್. ಟೈಲರ್ ಆದ ಮೇಲೆ ಏನೆಂದು ನೆನಪಾಗದೆ ಮತ್ತೆ ಬೇಕರಿಯಿಂದ ಶುರುಮಾಡಿದಳಂತೆ. ಹೇಳಿ ನಗಲು ಹೋದಳು, ನಗು ಬರಲಿಲ್ಲ.

ಅಮ್ಮನ ಕೈ ಅವಳ ನೆತ್ತಿಯ ಮೇಲೆ ನಿಂತಿತ್ತು.

"ಹೆದರಿಕೆ ಆಯ್ತಾ?"

ಇಲ್ಲಪ್ಪ ಎನ್ನುತ್ತಾಳೆಂದು ಕಾದೆ.

"ಹೂಂ," ಎಂದಳು. "ತುಂಬಾ ಆಯ್ತಮ್ಮ. ಈಗಲೂ ಆಗುತ್ತೆ."

"ಸದ್ಯ," ಎಂದು ಅಮ್ಮ ಮತ್ತೆ ಎಣ್ಣೆ ತಟ್ಟತೊಡಗಿದರು. "ನಿನಗೆ ಹೆದರಿಕೇನೇ ಆಗಲ್ವೇನೋ ಅನ್ಕೊಂಡಿದ್ದೆ. ಇಷ್ಟು ವರ್ಷ ನನಗೆ ಅದೇ ದೊಡ್ಡ ಭಯ."

ವಿನು ಮುಖ ತಗ್ಗಿಸಿದಳು. ಎಣ್ಣೆ ಕಣ್ಣಿಗಿಳಿಯಿತು ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಅಮ್ಮನ ಸೆರಗಿನಲ್ಲಿ.

ಈಗ ನಾನು ಆ ಕಾರ್ಖಾನೆಯಲ್ಲಿಲ್ಲ. ಅದೇ ಕಸುಬಿನ ಇನ್ನೊಂದು ಕಡೆ ಇದ್ದೇನೆ, ಆದರೆ ಒಲೆಯ ಹತ್ತಿರಕ್ಕೋ ಬಂದೂಕಿನ ಕೋಣೆಗೋ ಹೋಗುವ ಕೆಲಸವಲ್ಲ. ವಿನು ಈಗಲೂ ಹಾರುತ್ತಾಳೆ. ಅವಳ ವಿಮಾನದ ತಗಡು ಈಗಲೂ ಅಷ್ಟೇ ತೆಳು.

ಆ ಆಷಾಢದಲ್ಲಿ ರಜೆ ಮುಗಿಸಿ ಅವಳು ಹೊರಟ ದಿನ ಬೆಳಗ್ಗೆ ತುಂತುರು ಹನಿಯುತ್ತಿತ್ತು. ಏರ್‌ಪೋರ್ಟಿಗೆ ಟ್ಯಾಕ್ಸಿ ಬಂದು ಗೇಟಿನ ಮುಂದೆ ನಿಂತಿತ್ತು. ಮುನಿರತ್ನಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದು, ವಿನುವಿನ ಹಣೆಗಿಟ್ಟು, ಅವಳ ಗಲ್ಲ ಹಿಡಿದುಕೊಂಡರು.

"ನಿಂಗೇನೂ ಆಗಕಿಲ್ಲ ಓಗವ್ವ, ದೇವ್ರವ್ನೆ," ಎಂದರು.

ಅಮ್ಮ ಅವರ ತೋಳು ಮುಟ್ಟಿದರು.

"ಹಾಗನ್ಬೇಡಿ ಮುನಿರತ್ನಮ್ಮ. ಹುಷಾರಾಗಿ ಹೋಗ್ಬಾ ಅನ್ನಿ."

ಮುನಿರತ್ನಮ್ಮ ಒಂದು ಕ್ಷಣ ಅಮ್ಮನ ಮುಖ ನೋಡಿದರು. ಆಮೇಲೆ ವಿನುವಿನ ಕಡೆ ತಿರುಗಿ, ಮೆಲ್ಲಗೆ, "ಉಷಾರಾಗಿ ಓಗ್ಬುಟ್ಟು ಬಾ ಕಣವ್ವ," ಎಂದರು.

"ಹೂಂ," ಎಂದು ವಿನು ಟ್ಯಾಕ್ಸಿ ಹತ್ತಿದಳು.